ತಾಯಂದಿರ ರಕ್ಷಣೆ ಪರರ ಕೃಪೆಗೆ ಬಿಟ್ಟುದೇ?

ಸೀಗಿಹುಣ್ಣಿಮೆಯಂದು ಹೊಲಕ್ಕೆ ಚರಗ ಚೆಲ್ಲಿ, ಬಸಿರಾದ ಭೂತಾಯಿಗೆ ಬಯಕೆ ಸಲ್ಲಿಸುವ ಸೀಮೆ ನಮ್ಮದು. ರೋಣ, ನರಗುಂದ, ಗಜೇಂದ್ರಗಡಗಳ ಎರೆನಾಡಿನಲ್ಲಿ ಬಸುರಿಗೆ ಕುಬಸ, ಬಾಣಂತಿಗೆ ಅಂಟಿನುಂಡೆ ಎಂಬ ಉಪಚಾರಗಳು ಇಂದಿಗೂ ನಿಂತಿಲ್ಲ. ಆದರೆ ಹೆರಿಗೆಯ ಗಳಿಗೆಯಲ್ಲಿ ಬೇಕಾಗುವ ಒಂದು ಸೂಜಿಮದ್ದಿನ ವಿಷಯದಲ್ಲಿ ನಾವು ಅಷ್ಟೇ ಎಚ್ಚರವಾಗಿರುವೆವೇ ಎಂಬುದು ವಿಚಾರಾರ್ಹವಾದ ಸಂಗತಿ.

ಅಮೇರಿಕೆಯ ಸರಕಾರವು 2025ರ ಜನೆವರಿಯಲ್ಲಿ ಪರರಾಷ್ಟ್ರಗಳಿಗೆ ಕೊಡುತ್ತಿದ್ದ ನೆರವನ್ನು ತಡೆಹಿಡಿಯಿತು. ಅದನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯು ಜುಲೈ 1ರಂದು ತನ್ನ ಕಾರ್ಯವನ್ನೇ ನಿಲ್ಲಿಸಿತು. 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಸ್ತ್ರೀಯರು ಬಸಿರು-ಬಾಣಂತನದ ಕಾರಣದಿಂದ ಮರಣಹೊಂದಿದರು. ನೆರವಿನ ಕಡಿತದಿಂದ ರಕ್ತಸ್ರಾವ ಮೊದಲಾದವುಗಳ ಔಷಧ ಪೂರೈಕೆ ಕಡಿದುಬೀಳುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2025ರ ಏಪ್ರಿಲಿನಲ್ಲಿ ಎಚ್ಚರಿಸಿತು. ಕೊಡುವವನ ಮನಸ್ಸು ತಿರುಗಿದರೆ ಬೇಡುವವನ ಬಟ್ಟಲು ಬರಿದು.

ನಮ್ಮ ದವಾಖಾನೆಗಳ ಔಷಧವು ಬಹುಮಟ್ಟಿಗೆ ನಮ್ಮ ಬೊಕ್ಕಸದಿಂದಲೇ ಬರುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ವೆಚ್ಚದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ಆದುದರಿಂದ ನಮಗೇನು ಭಯವೆಂದು ಕೆಲವರು ಕೇಳಬಹುದು. ಆದರೆ ಹಣ ಸ್ವಂತದ್ದಾದ ಮಾತ್ರಕ್ಕೆ ಪೂರೈಕೆ ಭದ್ರವಾಗುವದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಮದ್ದನ್ನು 2018ರಲ್ಲಿ ಬೆಂಗಳೂರಿನ ಒಂದೇ ಸರಕಾರಿ ಕಾರಖಾನೆಯು ತಯಾರಿಸಬೇಕೆಂದು ಕೇಂದ್ರವು ನಿರ್ಧರಿಸಿದಾಗ, ಕೊರತೆಯ ಭೀತಿ ದೇಶವನ್ನೆಲ್ಲ ಆವರಿಸಿತು. ಆ ಆಜ್ಞೆಯನ್ನು ಅದೇ ಡಿಸೆಂಬರಿನಲ್ಲಿ ದಿಲ್ಲಿಯ ಉಚ್ಚನ್ಯಾಯಾಲಯವು ರದ್ದುಗೊಳಿಸಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಬಾಣಂತಿಯರು ಸಾವಿಗೀಡಾದಾಗ, ನರಕ್ಕೆ ಏರಿಸಿದ ದ್ರಾವಣದ ಗುಣವೇ ಶಂಕೆಗೊಳಗಾಯಿತು. 2018-20ರ ಗಣನೆಯಂತೆ ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19 ತಾಯಂದಿರು ಮೃತರಾದರೆ ಕರ್ನಾಟಕದಲ್ಲಿ 69. ಈ ಅಂತರವು ನಮ್ಮನ್ನು ನಾಚಿಸಬೇಕು.

ಆಕ್ಸಿಟೋಸಿನ್ ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿಡಬೇಕು. ನಮ್ಮ ಬೇಸಿಗೆಯಲ್ಲಿ ವಿದ್ಯುತ್ತು ಹೋಗಿ ತಂಪು ಕೆಟ್ಟರೆ ಮದ್ದಿನ ಸತ್ವವೂ ಕುಂದುತ್ತದೆ. ಕಪಾಟಿನಲ್ಲಿ ಸೀಸೆಯಿದ್ದರೂ ಫಲವಿಲ್ಲ. ಅಪಸ್ಮಾರದಂತೆ ಬಂದೆರಗುವ ಗರ್ಭಿಣಿಯ ಸೆಳವಿಗೆ ಮೆಗ್ನೀಸಿಯಂ ಸಲ್ಫೇಟ್, ಹುಟ್ಟಿದ ಕೂಸಿಗೆ ಕೆ ಜೀವಸತ್ವ, ಉಸಿರು ಕೊಡುವ ಚೀಲ ಇವೆಲ್ಲ ದುಬಾರಿಯಾದವುಗಳಲ್ಲ. ಆದರೆ ಆ ಗಳಿಗೆಗೆ ಇಲ್ಲದಿದ್ದರೆ ಯಾವ ಬೆಲೆಗೂ ಸಿಕ್ಕವು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಮೂರೂ ತಾಲೂಕುಗಳ ಸರಕಾರಿ ದವಾಖಾನೆಗಳಲ್ಲಿ ಮೂರು ತಿಂಗಳ ಮದ್ದು ಸದಾ ಕಾದಿರಿಸಿರಬೇಕು. ದಾಸ್ತಾನಿನ ಲೆಕ್ಕವನ್ನು ಪ್ರತಿ ತಿಂಗಳೂ ಬಾಗಿಲಲ್ಲಿ ಬರೆದು ತೂಗುಹಾಕಬೇಕು. ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಆರೋಗ್ಯ ರಕ್ಷಾ ಸಮಿತಿಗಳಿಗೆ ಹೋಗಿ ಆ ಲೆಕ್ಕವನ್ನು ಕೇಳಬೇಕು. ದಾನಿಗಳು ತಂಪುಪೆಟ್ಟಿಗೆಯನ್ನೋ ವಿದ್ಯುತ್ತಿಲ್ಲದಾಗಿನ ಆಸರೆಯನ್ನೋ ಒದಗಿಸಲಿ. ಆದರೆ ಮದ್ದಿನ ಹೊಣೆಯನ್ನು ಸರಕಾರದ ಹೆಗಲಿಂದ ಇಳಿಸದಿರಲಿ. ದಾಸೋಹದ ಒಲೆಯು ಒಬ್ಬ ಧನಿಕನ ಸೌದೆಯನ್ನು ನಂಬಿದ್ದರೆ ಎಂದೋ ಆರುತ್ತಿತ್ತು. ಅದು ಉರಿಯುತ್ತಿರುವದು ಊರವರೆಲ್ಲರ ಹಿಡಿಧಾನ್ಯದಿಂದ. ತಾಯಿಯ ಪ್ರಾಣಕ್ಕೂ ಅಂತಹ ನಿತ್ಯದ ಏರ್ಪಾಡು ಬೇಕು. ಅದನ್ನು ಕೇಳಿ ಪಡೆಯುವದು ಭಿಕ್ಷೆಯಲ್ಲ, ಪ್ರಜೆಗಳ ಹಕ್ಕು.