ಓದುವ ಯಂತ್ರ ಮತ್ತು ಕೆಂಪು ಶಾಯಿ

"ಯಂತ್ರವೇ ಎಲ್ಲವನ್ನೂ ಓದಿಟ್ಟಿರುವಾಗ ನಾವೇಕೆ ಓದಬೇಕು, ಸಾರ್?" ಎಂದು ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನು ಈ ವರ್ಷ ಕೇಳಿದನು. ಅದು ಉದ್ಧಟತನದ ಪ್ರಶ್ನೆಯಲ್ಲ; ಉತ್ತರಕ್ಕೆ ಅರ್ಹವಾದುದೇ. ಆದುದರಿಂದ ಹಾಗೆ ಓದಲು ಕಲಿತ ಯಂತ್ರವೊಂದರ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ 2010ರ ಜನವರಿಯಲ್ಲಿ 'ನೆಲ್' ಎಂಬ ಗಣಕವ್ಯವಸ್ಥೆಯನ್ನು ಓದಲು ಕೂರಿಸಿದರು. ಎಂದೂ ಮುಗಿಯದ ಭಾಷಾಭ್ಯಾಸಿ ಎಂಬುದು ಆ ಹೆಸರಿನ ತಾತ್ಪರ್ಯ. ಊಟವಿಲ್ಲ, ನಿದ್ರೆಯಿಲ್ಲ, ಭಾನುವಾರದ ರಜೆಯೂ ಇಲ್ಲ. ಹಗಲಿರುಳು ಅಂತರ್ಜಾಲದ ಇಂಗ್ಲಿಷ್ ಪುಟಗಳನ್ನು ಓದುವುದೇ ಅದರ ಕೆಲಸವಾಗಿತ್ತು. ಗುರುಗಳು ಮೊದಲಿಗೆ ಕೊಟ್ಟ ಪಾಠ ಬಲು ಚಿಕ್ಕದು: ನಗರ, ಸಂಸ್ಥೆ, ಆಟಗಾರ ಮೊದಲಾದ ವರ್ಗಗಳು, ಒಂದೊಂದಕ್ಕೂ ಹತ್ತು ಹದಿನೈದು ನಿದರ್ಶನಗಳು. 'ಇಂಥ ಊರಿನ ಮೇಯರ್' ಎಂಬ ಮಾತು ತನಗೆ ಗೊತ್ತಿರುವ ನಗರಗಳ ಜೊತೆಗೆ ಮತ್ತೆ ಮತ್ತೆ ಬರುವುದನ್ನು ಕಂಡು, ಅದೇ ಮಾತಿನೊಡನೆ ಬರುವ ಹೊಸ ಹೆಸರೂ ನಗರವೇ ಇರಬೇಕೆಂದು ಅದು ಊಹಿಸುತ್ತಿತ್ತು. ಆ ಹೊಸ ಹೆಸರಿನಿಂದ ಇನ್ನೊಂದು ಮಾದರಿ, ಅದರಿಂದ ಮತ್ತಷ್ಟು ಹೆಸರುಗಳು. ಬಡ್ಡಿಗೆ ಬಡ್ಡಿ ಬೆಳೆದಂತೆ!

ಆದರೆ ಬಡ್ಡಿ ಸಾಲಕ್ಕೂ ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಕುಕಿ ಎಂದರೆ ಬಿಸ್ಕತ್ತಿನಂಥ ತಿನಿಸು; ಅಂತರ್ಜಾಲದ ತಾಣಗಳು ನಮ್ಮ ಗಣಕದಲ್ಲಿ ಬಿಟ್ಟುಹೋಗುವ ಚಿಕ್ಕ ಗುರುತಿಗೂ ಅದೇ ಹೆಸರು. ನೆಲ್ ಎರಡನ್ನೂ ಬೇಕರಿಯ ಸಾಲಿಗೆ ಸೇರಿಸಿತು. ಜನರು ಕುಕಿಗಳನ್ನು ಅಳಿಸುವಂತೆಯೇ ಕಡತಗಳನ್ನೂ ಅಳಿಸುವರೆಂದು ಓದಿ, ಕಡತವೂ ಬೇಕರಿಯ ತಿಂಡಿಯೇ ಎಂದು ತೀರ್ಮಾನಿಸಿತು. ನಗಬೇಡಿ. 'ಹೂವನ್ನು ಅರಸಿ ಬಂದ ದುಂಬಿ' ಎಂಬಲ್ಲಿ ಅರಸಿಯೆಂದರೆ ರಾಣಿಯೆಂದು ಬರೆದ ಹುಡುಗಿಯೊಬ್ಬಳು ನಮ್ಮ ತರಗತಿಯಲ್ಲೂ ಇದ್ದಾಳೆ. ಹೊಸ್ತಿಲು ದಾಟಿದರೆ ಮರಾಠಿ ಹಿಂದಿಗಳೇ ಕಿವಿಗೆ ಬೀಳುವ ಈ ಮುಂಬಯಿಯಲ್ಲಿ ಅದು ಸಹಜ. ಅವಳು ಮರುದಿನವೇ ಕೆಂಪು ಶಾಯಿಯನ್ನು ಕಂಡಳು. ನೆಲ್ ಮೊದಲ ಆರು ತಿಂಗಳು ಕಾಣಲಿಲ್ಲ. ಬಳಿಕ ಸಂಶೋಧಕರು ಹದಿನೈದು ದಿನಗಳಿಗೊಮ್ಮೆ, ವರ್ಗವೊಂದಕ್ಕೆ ಐದು ನಿಮಿಷದಂತೆ ಕುಳಿತು ತಪ್ಪುಗಳನ್ನು ತಿದ್ದತೊಡಗಿದರು. ಆ ಐದು ನಿಮಿಷ ಕುಳಿತವರು ತಾವೂ ಓದಿಕೊಂಡವರಾಗಿದ್ದರೆಂಬುದೇ ನಮ್ಮ ಹುಡುಗನಿಗೆ ನಮ್ಮ ಉತ್ತರ.

ನೆಲ್‌ನಲ್ಲಿ ನಮಗೆ ಬಹಳ ಹಿಡಿಸಿದ ಗುಣ ಇನ್ನೊಂದಿದೆ. ಪ್ರತಿಯೊಂದು ನಂಬಿಕೆಯ ಜೊತೆಗೂ ಅದು ಎಲ್ಲಿಂದ ದೊರೆಯಿತು, ಅದರಲ್ಲಿ ಭರವಸೆ ಎಷ್ಟು ಎಂಬುದನ್ನು ಆ ಯಂತ್ರ ಬರೆದಿಡುತ್ತಿತ್ತು. ಇಂದು ನಿಮ್ಮ ಫೋನಿನಲ್ಲಿ ಉತ್ತರ ಹೇಳುವ ಯಂತ್ರಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಓದಿವೆ, ಕನ್ನಡವನ್ನೂ ಬರೆಯುತ್ತವೆ. ಆದರೆ ತಪ್ಪನ್ನೂ ಸರಿಯಷ್ಟೇ ನಯವಾಗಿ ನುಡಿಯಬಲ್ಲವು. ಅವುಗಳನ್ನು ಕೇಳಿ ಬರೆದ ಪ್ರಬಂಧಗಳು ನಮ್ಮ ಮೇಜಿಗೂ ಬಂದಿವೆ. ಕೇಳುವುದು ಅಪರಾಧವೆಂದು ನಾವು ಹೇಳುವುದಿಲ್ಲ. ಎಲ್ಲಿಂದ ತಿಳಿಯಿತೆಂದು ವಿಚಾರಿಸಿದರೆ ಬರೆದವನು ಸುಮ್ಮನೆ ನಿಲ್ಲುತ್ತಾನಲ್ಲ, ಅದು ನಮಗೆ ಒಪ್ಪಿಗೆಯಿಲ್ಲ.

ಈ ಸಲ ಎಂಟನೆಯ ತರಗತಿಯವರಿಗೆ, ಎಲ್ಲಿಂದ ತಿಳಿಯಿತು, ಎಷ್ಟು ಖಾತ್ರಿ ಎಂಬೆರಡನ್ನೂ ಪ್ರಬಂಧದ ಅಂಚಿನಲ್ಲಿ ಬರೆಯಲು ಹೇಳಿದೆವು. ಹೆಚ್ಚಿನವರು ಗೊಣಗಿದರು. ಜೋಳದ ರೊಟ್ಟಿಯ ವಿಷಯವಾಗಿ ಬರೆದವಳ ಅಂಚಿನಲ್ಲಿ ಹೀಗಿತ್ತು: "ಅಜ್ಜಿ ಹೇಳಿದ್ದು. ಖಾತ್ರಿ. ಹಿಟ್ಟಿನ ಅಳತೆ ಮಾತ್ರ ಫೋನು ಹೇಳಿದ್ದು, ಅಜ್ಜಿಯನ್ನು ಕೇಳಬೇಕು."