ಉಪ್ಪಿನಕಾಯಿಗಿಂತ ಮೊದಲು ವಿಳಾಸ

ಜರ್ಮನಿಯಲ್ಲಿ ಕೆಲಸ ಸಿಕ್ಕಿ ಹೊರಟವರಿಗೆ ನಮ್ಮಲ್ಲಿ ಸಲಹೆಗೇನೂ ಬರವಿಲ್ಲ. ಕುಕ್ಕರ್ ಮರೀಬೇಡ, ಸಾರಿನ ಪುಡಿ ಎರಡು ಕೆಜಿ ಇರಲಿ, ಉಪ್ಪಿನಕಾಯಿ ಡಬ್ಬಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತು... ಹೇಳುವವರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಇದರಲ್ಲಿ ಮುಕ್ಕಾಲು ಪಾಲು ಬರ್ಲಿನ್, ಮ್ಯೂನಿಕ್‌ಗಳ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತೆ. ಉಳಿದ ಕಾಲು ಭಾಗದಲ್ಲಿರುವ ಅಮ್ಮನ ತುಪ್ಪ, ಧಾರವಾಡ ಪೇಡ ತರುವ ಹಾಗೇ ಇಲ್ಲ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದು ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ :-(

ದುಡ್ಡಿದ್ದರೂ ಅಲ್ಲಿ ಬೇಗ ಸಿಗದ ವಸ್ತು ಬೇರೆಯೇ ಇದೆ. ಅದು ವಿಳಾಸ. ಆಫರ್ ಲೆಟರ್ ಕೈಗೆ ಬಂದಾಗ ನಮ್ಮವರು ಯೂರೋವನ್ನು ರೂಪಾಯಿಗೆ ಗುಣಿಸುತ್ತಾ ಕೂರುತ್ತಾರೆ. ಆ ಹೊತ್ತಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಬಂದ ದಿನದಿಂದ ನನ್ನ ವಿಳಾಸ ಯಾವುದು?" ಅನ್ನೋದು ಅಂತ ನನ್ನ ಖಚಿತ ಅಭಿಪ್ರಾಯ.

ಯಾಕೆ ಅಂತ ಹೇಳ್ತೀನಿ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಬಾಡಿಗೆ ಕರಾರು ತೋರಿಸಿದರೆ ಸಾಲದು. "ಇವರು ಇಂಥ ದಿನದಿಂದ ನನ್ನ ಮನೆಯಲ್ಲಿ ಇದ್ದಾರೆ" ಅಂತ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ಆ ಪತ್ರದ ಹೆಸರು ವೊನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. (ಒಂದೇ ಉಸಿರಿನಲ್ಲಿ ಹೇಳಿದವರಿಗೆ ಒಂದು ಕಾಫಿ!) ನೋಂದಣಿ ಆದ ಮೇಲೆ ಆ ವಿಳಾಸಕ್ಕೆ ಅಂಚೆಯಲ್ಲಿ ತೆರಿಗೆ ನಂಬರ್ ಬರುತ್ತೆ, ಅದಕ್ಕೇ ಕೆಲವು ವಾರ ಬೇಕು. ಆ ನಂಬರ್ ಇಲ್ಲದಿದ್ದರೆ ಸಂಬಳದಿಂದ ಅತಿ ಹೆಚ್ಚು ತೆರಿಗೆ ಹಿಡಿಯುವ ಆರನೇ ವರ್ಗಕ್ಕೆ ನಿಮ್ಮನ್ನು ಸೇರಿಸಬಹುದು. ಹೆಚ್ಚು ಹಿಡಿದದ್ದು ಮುಂದೆ ವಾಪಸ್ ಬರುತ್ತೆ ನಿಜ, ಆದರೆ ದುಡ್ಡು ಬೇಕಾಗಿರೋದು ಮೊದಲ ತಿಂಗಳಲ್ಲಿ ಅಲ್ವಾ?

ಹಲವು ಬ್ಯಾಂಕುಗಳೂ ಖಾತೆ ತೆರೆಯಲು ಇದೇ ನೋಂದಣಿ ಚೀಟಿ ಕೇಳುತ್ತವೆ. ಎಲ್ಲಕ್ಕಿಂತ ಮುಖ್ಯ, ವೀಸಾ. ಭಾರತದಿಂದ ಹೊರಡುವಾಗ ಕೊಡುವ ವೀಸಾಕ್ಕೆ ಗಡುವು ಇರುತ್ತೆ. ಅದು ಮುಗಿಯುವ ಮೊದಲೇ ನೀವು ವಾಸವಿರುವ ಊರಿನ ವಿದೇಶಿಯರ ಕಚೇರಿಗೆ ವಾಸದ ಪರವಾನಗಿಗಾಗಿ ಅರ್ಜಿ ಹಾಕಬೇಕು. ವಿಳಾಸವೇ ಇಲ್ಲದವರು ಯಾವ ಊರಿನ ಕಚೇರಿಗೆ ಹೋಗ್ತಾರೆ?

ಸಮಸ್ಯೆ ಇರುವುದೇ ಇಲ್ಲಿ. ದಿನಕ್ಕಿಷ್ಟು ಅಂತ ಸಿಗುವ ಸರ್ವಿಸ್ ಅಪಾರ್ಟ್‌ಮೆಂಟ್‌ಗಳಲ್ಲಿ ಎಷ್ಟೋ ಕಡೆ ಆ ಪತ್ರ ಕೊಡುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಆಗಿದ್ದೂ ಇದೇ. ಹೆಂಡತಿ, ಮೂರು ವರ್ಷದ ಮಗಳ ಜೊತೆ ಬಂದಿಳಿದರು. ಕಂಪನಿ ಕೊಡಿಸಿದ್ದ ಕಡೆ ಪತ್ರ ಸಿಗಲಿಲ್ಲ. ಎಂಟು ವಾರ ಮೂವರೂ ಸೂಟ್‌ಕೇಸ್‌ಗಳ ನಡುವೆ ಬದುಕಿದರು. ಕುಕ್ಕರ್ ಇತ್ತು, ಸಾರಿನ ಪುಡಿನೂ ಇತ್ತು, ವಿಳಾಸ ಮಾತ್ರ ಇರಲಿಲ್ಲ.

"ಅಯ್ಯೋ ಬಿಡಿ, ಗೆಳೆಯನ ವಿಳಾಸ ಕೊಟ್ಟರಾಯ್ತು" ಅನ್ನುವವರಿದ್ದಾರೆ. ನಿಜವಾಗಿ ಅಲ್ಲಿ ವಾಸ ಇದ್ದು, ಆ ಮನೆಯ ಮಾಲೀಕರೂ ಒಪ್ಪಿದ್ದರೆ ತೊಂದರೆ ಇಲ್ಲ. ಆದರೆ ವಾಸವಿಲ್ಲದವರಿಗೆ ಬರೀ ಹೆಸರಿಗೆ ವಿಳಾಸ ಕೊಟ್ಟವರಿಗೆ 50,000 ಯೂರೋವರೆಗೂ ದಂಡ ಹಾಕಲು ಅಲ್ಲಿ ಕಾನೂನಿದೆ. ಸ್ನೇಹಕ್ಕೆ ಅಷ್ಟು ಬೆಲೆ ಕಟ್ಟೋದು ಬೇಡ.

ಇನ್ನು ಮನೆ ಹುಡುಕಾಟ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಪಳಗಿದವರಿಗೆ ಅಲ್ಲಿಯ ಕಾನೂನು ದೇವರಂತೆ ಕಾಣುತ್ತೆ. ಡೆಪಾಸಿಟ್ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಬ್ರೋಕರ್‌ನನ್ನು ಯಾರು ಗೊತ್ತು ಮಾಡಿದರೋ ಅವರೇ ಅವನ ದುಡ್ಡು ಕೊಡಬೇಕು ಅನ್ನುವ ನಿಯಮ 2015ರ ಜೂನ್‌ನಿಂದ ಇದೆ. ಆದರೆ ಬಾಡಿಗೆಯಲ್ಲಿ ಎರಡು ಲೆಕ್ಕ. 'ತಣ್ಣನೆಯ ಬಾಡಿಗೆ' ಅಂದರೆ ಬರೀ ಮನೆಗೆ, 'ಬೆಚ್ಚನೆಯ ಬಾಡಿಗೆ' ಅಂದರೆ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸ ಎಲ್ಲ ಸೇರಿ. ಡೆಪಾಸಿಟ್ಟಿನ ಮಿತಿ ತಣ್ಣನೆಯದರ ಮೇಲೆ, ತಿಂಗಳ ಖರ್ಚು ಬೆಚ್ಚನೆಯದು. ಎಷ್ಟೋ ಖಾಲಿ ಮನೆಗಳಲ್ಲಿ ಅಡುಗೆಮನೆಯ ಕಟ್ಟೆ, ಸಿಂಕ್ ಕೂಡ ಇರೋದಿಲ್ಲ. ಹಳಬರು ಹೋಗುವಾಗ ಬಿಚ್ಚಿಕೊಂಡು ಹೋಗಿರುತ್ತಾರೆ!

ಈ ಪರದಾಟ ಗೊತ್ತಿದ್ದೇ ಮೋಸಗಾರರು ಬಲೆ ಬೀಸುತ್ತಾರೆ. ಚೆಂದದ ಫೋಟೋ, ಕಡಿಮೆ ಬಾಡಿಗೆ, "ನಾನು ಬೇರೆ ದೇಶದಲ್ಲಿದ್ದೇನೆ, ಡೆಪಾಸಿಟ್ ಕಳಿಸಿ, ಕೀಲಿ ಅಂಚೆಯಲ್ಲಿ ಬರುತ್ತೆ" ಅನ್ನುವ ಮಾತು. ಮನೆ ನೋಡದೆ ಒಂದು ಯೂರೋ ಕೂಡ ಕಳಿಸಬೇಡಿ.

ನಮ್ಮವರಿಗೇ ವಿಶೇಷವಾದ ತಲೆನೋವು ಇನ್ನೊಂದಿದೆ, ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿ, ಮದುವೆ ಸರ್ಟಿಫಿಕೇಟಿನಲ್ಲಿ ಮೂರನೇ ರೀತಿ. ಇಲ್ಲಿ ಯಾರೂ ಕೇಳೋದಿಲ್ಲ, ಅಲ್ಲಿ ಎಲ್ಲರೂ ಕೇಳುತ್ತಾರೆ. ಹೊರಡುವ ಮೊದಲೇ ಸರಿಮಾಡಿಸಿಕೊಳ್ಳಿ. ಅಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಪೆಟ್ಟಿಗೆಗೆ ಹೆಸರು ಅಂಟಿಸದಿದ್ದರೆ ತೆರಿಗೆ ನಂಬರ್, ಬ್ಯಾಂಕ್ ಕಾರ್ಡ್ ಎಲ್ಲ ಬಂದ ದಾರಿ ಹಿಡಿಯುತ್ತವೆ.

ಹಾಗಾಗಿ ನಾನು ಹೇಳೋದಿಷ್ಟು. ಆಫರ್‌ಗೆ ಸಹಿ ಹಾಕುವ ಮೊದಲು ಕಂಪನಿಯಿಂದ ಮೂರು ಮಾತು ಲಿಖಿತವಾಗಿ ಪಡೆಯಿರಿ. ಮೊದಲ ಎರಡು ಮೂರು ತಿಂಗಳಿಗೆ ನೋಂದಣಿ ಮಾಡಿಸಬಹುದಾದ ಮನೆ, ಡೆಪಾಸಿಟ್ಟಿಗೆ ಮುಂಗಡ, ಕಚೇರಿಗೆ ಜೊತೆ ಬರಲು ಜರ್ಮನ್ ಬಲ್ಲ ಒಬ್ಬರು. ಸಂಬಳದಲ್ಲಿ ನೂರು ಯೂರೋ ಹೆಚ್ಚಿಗೆ ಕೇಳಿ ಚೌಕಾಸಿ ಮಾಡುವುದಕ್ಕಿಂತ ಇದು ದೊಡ್ಡ ಲಾಭ. ವಿಮಾನ ಹತ್ತುವ ತನಕ ನಿಮ್ಮ ಮಾತಿಗೆ ತೂಕ ಇರುತ್ತೆ. ಇಳಿದ ಮೇಲೆ ಗರಜು ನಿಮ್ಮದು. ಮನೆ ಗಟ್ಟಿಯಾಗದಿದ್ದರೆ ಒಬ್ಬರೇ ಮೊದಲು ಹೋಗಿ. ಹೆಂಡತಿಯೋ ಗಂಡನೋ ಮಕ್ಕಳೋ ಎರಡು ತಿಂಗಳು ತಡವಾಗಿ ಬಂದರೆ ಆಕಾಶ ಬೀಳೋದಿಲ್ಲ.

ಅಮೆರಿಕ, ಸಿಂಗಾಪುರ, ಆಸ್ಟ್ರೇಲಿಯಾಗಳಲ್ಲಿರುವ ಬ್ಲಾಗಿಗ ಗೆಳೆಯರೇ, ನಿಮ್ಮಲ್ಲಿ ಎಲ್ಲಕ್ಕೂ ಬೀಗದ ಕೈ ಆಗಿರುವ ಆ ಮೊದಲ ಕಾಗದ ಯಾವುದು? ಬರೀರಿ, ಮುಂದೆ ಹೊರಡುವವರಿಗೆ ಅನುಕೂಲ ಆಗುತ್ತೆ. ಉಪ್ಪಿನಕಾಯಿ ಪಟ್ಟಿ ಹೇಗೂ ಮನೆಯಲ್ಲಿ ಕೊಡ್ತಾರೆ :-)