ಕೃಷಿ ಹೊಂಡದ ಮೀನಿಗೆ ನೀರಿನ ಲೆಕ್ಕ

ರಾಜ್ಯದಲ್ಲಿ 2014ರಲ್ಲಿ ಆರಂಭವಾದ ‘ಕೃಷಿಭಾಗ್ಯ’ ಯೋಜನೆ ಬಯಲುಸೀಮೆಯ ಸಹಸ್ರಾರು ಹೊಲಗಳಿಗೆ ಹೊಂಡಗಳನ್ನು ತಂದಿತು. ನಡುವೆ ನಿಂತುಹೋಗಿದ್ದ ಯೋಜನೆಗೆ 2023ರ ಬಜೆಟ್ಟಿನಲ್ಲಿ ಮರುಜೀವ ದೊರೆಯಿತು. ಹೊಂಡವಿದ್ದ ಮೇಲೆ ಮೀನನ್ನೂ ಸಾಕಬಹುದಲ್ಲ ಎಂಬ ಸಲಹೆ ರೈತರ ಕಿವಿಗೆ ಬೀಳುತ್ತಲೇ ಇದೆ. ಸಲಹೆ ತಪ್ಪಲ್ಲ. ಆದರೆ ಮೀನಿನ ಯೋಚನೆ ಹೊಂಡ ತೋಡುವ ಮೊದಲೇ ಆಗಬೇಕು.

21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡವನ್ನೇ ತೆಗೆದುಕೊಳ್ಳೋಣ. ಬದಿಗಳ ಇಳಿಜಾರು ಕಳೆದರೆ ಅದು ಹಿಡಿಯುವುದು ಸುಮಾರು ಹತ್ತು ಲಕ್ಷ ಲೀಟರ್. ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಲು ಒಂದು ಲಕ್ಷ ಲೀಟರ್ ಬೇಕು. ಮಳೆ ಕೈಕೊಟ್ಟಾಗ ಮೂರು ಎಕರೆ ರಾಗಿಗೆ ಎರಡು ಸಲ ಹಾಯಿಸಿದರೆ ಆರು ಲಕ್ಷ ಖಾಲಿ. ಹೊಂಡದಲ್ಲಿ ಉಳಿಯುವುದು ಐದಡಿ ಆಳದ ನೀರು. ದಿನಕ್ಕೆ ಐದು ಮಿಲಿಮೀಟರಿನಂತೆ ಆವಿಯಾದರೂ ನಾಲ್ಕು ತಿಂಗಳಲ್ಲಿ ಇನ್ನೆರಡು ಅಡಿ ಮಾಯ. ಗೆಂಡೆ ಜಾತಿಯ ಮೀನುಗಳು ನೆಮ್ಮದಿಯಾಗಿ ಬೆಳೆಯಲು ಐದಾರು ಅಡಿ ನೀರು ಬೇಕು. ಬೆಳೆ ಬಾಯಾರಿದ ವಾರವೇ ಮೀನಿಗೂ ನೀರಿನ ಕೊರತೆ. ಹೊಂಡ ತೋಡಿಸಿದ್ದು ಬೆಳೆಗಾಗಿ. ಆದ್ದರಿಂದ ಸೋಲುವುದು ಮೀನೇ.

ಹಾಗೆಂದು ಕೈಚೆಲ್ಲಬೇಕಿಲ್ಲ. ಕೆರೆಯ ಲೆಕ್ಕವನ್ನು ಹೊಂಡಕ್ಕೆ ಹಾಕುವುದನ್ನು ಬಿಟ್ಟರೆ ಸಾಕು. ನೀರು ನಿಲ್ಲುವುದು ಆರೇಳು ತಿಂಗಳಾದ್ದರಿಂದ ಸಣ್ಣ ಮರಿಗಿಂತ ಬೆರಳುದ್ದವನ್ನು ಮೀರಿದ ಬಲಿತ ಮರಿಯೇ ಲೇಸು. ಈ ಅಳತೆಯ ಹೊಂಡಕ್ಕೆ ಇನ್ನೂರು, ಹೆಚ್ಚೆಂದರೆ ಮುನ್ನೂರು ಮರಿ ಸಾಕು. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆಂಬ ಪಾಠ ಎಲ್ಲರಿಗೂ ಗೊತ್ತು. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ತಳದಲ್ಲಿ ಕೆಸರೇ ಇಲ್ಲ. ಮೃಗಾಲ್ ಮೇಯುವುದಾದರೂ ಏನನ್ನು? ತಳಕ್ಕೆ ಒಂದು ಪದರ ಮಣ್ಣು ಹರಡಿ, ಸಗಣಿ ಗೊಬ್ಬರವನ್ನು ಹಿತಮಿತವಾಗಿ ಹಾಕಿದರೆ ಮಾತ್ರ ನೀರಿನಲ್ಲಿ ಮೀನಿನ ಆಹಾರ ಹುಟ್ಟುತ್ತದೆ. ನೀರು ಕಡಿಮೆಯಿದ್ದರೂ ಬದುಕುವ ಆಫ್ರಿಕನ್ ಕ್ಯಾಟ್‌ಫಿಶ್‌ನ ಆಮಿಷ ಬೇಡ. ದೇಶದಲ್ಲಿ ಅದರ ಸಾಕಣೆ ನಿಷಿದ್ಧ. ಕೋಡಿ ಹರಿದು ಹಳ್ಳ ಸೇರಿದರೆ ನಾಡಿನ ಮೀನುಗಳನ್ನೇ ತಿಂದುಹಾಕುವ ಜೀವಿ ಅದು.

ಇನ್ನೊಂದು ಮಾತನ್ನು ಇಲಾಖೆಗಳು ಮೆಲುದನಿಯಲ್ಲಿ ಹೇಳುತ್ತವೆ. ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ವರದಿಗಳು ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ. ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ಕಾಲು ಜಾರಿದರೆ ಈಜು ಬಲ್ಲವರೂ ಹತ್ತಿ ಬರಲಾರರು. ಬರಿಯ ನೀರಿಗಿಂತ ಮೀನಿರುವ ನೀರು ಮಕ್ಕಳನ್ನು ಹೆಚ್ಚು ಸೆಳೆಯುತ್ತದೆ. ತಂತಿಬೇಲಿಯ ಜೊತೆಗೆ ಒಂದು ಬದಿಗೆ ಮೆಟ್ಟಿಲು, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ, ತೇಲಲು ಒಂದು ಹಳೆಯ ಟ್ಯೂಬು ಇರಲೇಬೇಕು. ಇವನ್ನು ಕಣ್ಣಾರೆ ಕಂಡ ಮೇಲೆಯೇ ಮೀನುಗಾರಿಕೆ ಇಲಾಖೆ ಮರಿಗಳನ್ನು ಕೊಡಲಿ.